ಬ್ರೆಡ್ ಮೇಕರ್ ಕೊಳ್ಳಬೇಕೇ? ಹಣ ಕೊಡುವ ಮುನ್ನ ಒಂದು ತಿಂಗಳು ಮಾಡಬೇಕಾದ ಕೆಲಸ

ಬ್ರೆಡ್ ಮೇಕರ್ ಕೊಂಡವರ ಮನೆಗಳಲ್ಲಿ ಎರಡು ಬಗೆಯನ್ನು ಕಂಡಿದ್ದೇನೆ. ಒಂದು ಮನೆಯಲ್ಲಿ ಅದು ಅಡುಗೆ ಕಟ್ಟೆಯಿಂದ ಕೆಳಗಿಳಿದದ್ದೇ ಇಲ್ಲ. ವಾರಕ್ಕೆ ಮೂರು ಸಲವಾದರೂ ಓಡುತ್ತದೆ, ಸವೆದ ಪಾತ್ರೆಯನ್ನು ಒಮ್ಮೆ ಬದಲಿಸಿಯೂ ಆಗಿದೆ. ಇನ್ನೊಂದು ಮನೆಯಲ್ಲಿ ಮೊದಲ ತಿಂಗಳ ಸಂಭ್ರಮ ಕಳೆದ ಮೇಲೆ ಅಟ್ಟ ಸೇರಿದ್ದು ಮತ್ತೆ ಇಳಿದಿಲ್ಲ. ಎರಡು ಮನೆಯವರೂ ಕೊಂಡದ್ದು ಒಳ್ಳೆಯ ಯಂತ್ರವನ್ನೇ. ಮೊದಲಿನವರು ಕೊಳ್ಳುವ ಮುಂಚೆಯೇ ಕೈಯಿಂದ ಬ್ರೆಡ್ ಮಾಡುತ್ತಿದ್ದರು, ತಮಗೆ ಎಲ್ಲಿ ಕಷ್ಟವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಎರಡನೆಯವರು ಬಿಸಿ ಬ್ರೆಡ್ಡಿನ ಪರಿಮಳವನ್ನು ನೆನೆದು ಕೊಂಡವರು.

ಈ ಯಂತ್ರ ನಮಗೆ ಮಾಡಿಕೊಡುವ ಕೆಲಸ ಮುಖ್ಯವಾಗಿ ಎರಡು. ಹಿಟ್ಟು ನಾದುತ್ತದೆ, ಆಮೇಲೆ ಮೂರು ನಾಲ್ಕು ಗಂಟೆ ನಮ್ಮ ಬದಲು ಅದೇ ಕಾಯುತ್ತದೆ. ಒಳ್ಳೆಯ ಬೇಕರಿಯ ಬ್ರೆಡ್ಡನ್ನು ರುಚಿಯಲ್ಲಿ ಮೀರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾದುವ ಶ್ರಮ ಅಥವಾ ಕಾಯುವ ಹೊತ್ತು, ಇವೆರಡರಲ್ಲಿ ಒಂದಾದರೂ ನಿಮ್ಮನ್ನು ಮನೆಯಲ್ಲಿ ಬ್ರೆಡ್ ಮಾಡದಂತೆ ತಡೆಯುತ್ತಿದ್ದರೆ ಇದಕ್ಕೆ ಹಣ ಹಾಕಿ. ತಡೆಯುತ್ತಿರುವುದು ಯಾವುದು ಎಂದು ತಿಳಿಯಲು ಒಂದು ತಿಂಗಳು ಸಾಕು.

ಮೊದಲು, ಮನೆಯಲ್ಲಿ ಎಷ್ಟು ಬ್ರೆಡ್ ಖರ್ಚಾಗುತ್ತದೆ ಎಂದು ಬರೆದಿಡಿ

ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ನಾಲ್ಕು ವಾರ, ಬ್ರೆಡ್ ತಂದ ದಿನ ಒಂದು ಗೀಟು ಎಳೆಯಿರಿ. ಒಣಗಿದ್ದೋ ಬೂಸು ಹಿಡಿದದ್ದೋ ಎಸೆದ ದಿನ ಒಂದು ಅಡ್ಡಗೀಟು. ಯಾವ ಬಗೆಯ ಬ್ರೆಡ್ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ: ಮೆತ್ತನೆಯ ಸ್ಯಾಂಡ್‌ವಿಚ್ ಬ್ರೆಡ್ಡೇ, ಇಡೀ ಗೋಧಿಯದೇ, ಕಾಳು ಬೀಜ ಹಾಕಿದ್ದೇ, ಹೊರಗೆ ಗರಿಗರಿ ಇರುವ ದುಂಡನೆಯದೇ ಎಂದು. ಮುಂದೆ ಈ ಮಾಹಿತಿ ಬೇಕಾಗುತ್ತದೆ.

ನೆನಪಿನಿಂದ ಹೇಳುವ ಲೆಕ್ಕ ಸಾಮಾನ್ಯವಾಗಿ ತಪ್ಪಾಗಿರುತ್ತದೆ. ವಾರಕ್ಕೆ ಮೂರು ಬೇಕೇ ಬೇಕು ಎನ್ನುವ ಮನೆಯಲ್ಲಿ ಒಂದೂವರೆ ಖರ್ಚಾಗುವುದುಂಟು. ಮನೆಯ ಬ್ರೆಡ್ಡಿಗೆ ಕೆಡದಂತೆ ಕಾಯುವ ರಾಸಾಯನಿಕ ಹಾಕುವುದಿಲ್ಲವಾದ್ದರಿಂದ ಅದು ಎರಡು ಮೂರು ದಿನ ಮಾತ್ರ ಚೆನ್ನಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬೂಸು ತಡವಾಗಿ ಬಂದರೂ ಬ್ರೆಡ್ ಇನ್ನೂ ಬೇಗ ಒರಟಾಗುತ್ತದೆ, ಏಕೆಂದರೆ ಬೆಂದ ಪಿಷ್ಟ ಮತ್ತೆ ಗಟ್ಟಿಯಾಗುವ ಕ್ರಿಯೆ ಆ ತಂಪಿನಲ್ಲಿಯೇ ಅತಿ ವೇಗವಾಗಿ ನಡೆಯುತ್ತದೆ. ಉಳಿಸಬೇಕೆಂದರೆ ಪೂರ್ತಿ ಆರಿದ ಮೇಲೆ ಹೋಳು ಮಾಡಿ ಫ್ರೀಜರಿನಲ್ಲಿಡಿ, ಬೇಕೆನಿಸಿದಾಗ ನೇರವಾಗಿ ಟೋಸ್ಟ್ ಮಾಡಿ. ಒಬ್ಬರು ಇಬ್ಬರಿರುವ ಮನೆಗೆ ಈ ಅಭ್ಯಾಸ ಇಲ್ಲದಿದ್ದರೆ ಯಂತ್ರ ಹೊರೆಯಾಗುತ್ತದೆ.

ಕೈಯಿಂದ ನಾಲ್ಕು ಬ್ರೆಡ್ ಮಾಡಿ

ಇಡೀ ತಿಂಗಳಿನಲ್ಲಿ ಇದೇ ಅತಿ ಮುಖ್ಯವಾದ ಕೆಲಸ. ವಾರಕ್ಕೊಂದರಂತೆ ನಾಲ್ಕು. ಅಳತೆ ಸುಲಭ: 500 ಗ್ರಾಂ ಬ್ರೆಡ್ ಹಿಟ್ಟು (ಪ್ರೋಟೀನ್ ಹೆಚ್ಚಿರುವ ಮೈದಾ), 320 ಮಿಲಿಲೀಟರ್ ಉಗುರುಬೆಚ್ಚನೆಯ ನೀರು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 10 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ, 20 ಗ್ರಾಂ ಎಣ್ಣೆ. ಎಲ್ಲವನ್ನೂ ಕಲಸಿ ಹತ್ತು ನಿಮಿಷ ನಾದಿ. ಮುಚ್ಚಿಟ್ಟು ಎರಡರಷ್ಟು ಉಬ್ಬಲು ಬಿಡಿ. ಬೆಚ್ಚಗಿನ ಕೋಣೆಯಲ್ಲಿ ಒಂದು ಗಂಟೆಯಿಂದ ಒಂದೂವರೆ ಗಂಟೆ ಬೇಕು. ಮೆಲ್ಲನೆ ಒತ್ತಿ ಗಾಳಿ ತೆಗೆದು, ಸುರುಳಿ ಮಾಡಿ ಟಿನ್ನಿನಲ್ಲಿಡಿ. ಮುಕ್ಕಾಲು ಗಂಟೆಯ ನಂತರ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್ನಿನಲ್ಲಿ ಅರ್ಧ ಗಂಟೆಯಿಂದ ಮೂವತ್ತೈದು ನಿಮಿಷ ಬೇಯಿಸಿ. ಬೆಂದ ಬ್ರೆಡ್ಡಿನ ತಳಕ್ಕೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಥರ್ಮಾಮೀಟರ್ ಇದ್ದರೆ ನಡುವಿನ ಬಿಸಿ 93ರಿಂದ 96 ಡಿಗ್ರಿ ಇರಬೇಕು.

ನಾದುವಾಗ ಅವಸರ ಬೇಡ. ಮೊದಲ ಎರಡು ನಿಮಿಷ ಹಿಟ್ಟು ಬೆರಳುಗಳಿಗೆಲ್ಲ ಮೆತ್ತಿಕೊಂಡು ಬೇಸರ ತರಿಸುತ್ತದೆ. ಒಣ ಹಿಟ್ಟು ಸುರಿಯುವ ಆಸೆಯನ್ನು ತಡೆದುಕೊಳ್ಳಿ. ಐದನೆಯ ನಿಮಿಷದ ಹೊತ್ತಿಗೆ ಅದು ಕೈ ಬಿಟ್ಟು ತನ್ನನ್ನೇ ಹಿಡಿದುಕೊಳ್ಳುತ್ತದೆ. ಹತ್ತನೆಯ ನಿಮಿಷಕ್ಕೆ ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೆದು. ನಿಂಬೆ ಗಾತ್ರದ ತುಣುಕನ್ನು ಎರಡೂ ಕೈಗಳಿಂದ ಎಳೆದು ಬೆಳಕಿಗೆ ಹಿಡಿದರೆ, ಹರಿಯದೆ ತೆಳುವಾಗಿ ಹಿಗ್ಗಿ ಆಚೆಗಿನ ಬೆರಳಿನ ನೆರಳು ಕಾಣುತ್ತದೆ. ಗ್ಲೂಟೆನ್, ಅಂದರೆ ಗೋಧಿಯ ಅಂಟಿನಂಥ ಪ್ರೋಟೀನ್, ಬಲೆಯಾಗಿ ಕೂಡಿಕೊಂಡಿದೆ ಎಂಬುದಕ್ಕೆ ಅದೇ ಗುರುತು. ಈ ಹದವನ್ನು ಒಮ್ಮೆ ಕೈ ಕಲಿತರೆ, ನಾಳೆ ಯಂತ್ರ ಕೊಂಡರೂ ಅದರೊಳಗಿನ ಹಿಟ್ಟು ಸರಿ ಇದೆಯೇ ಎಂದು ನೋಡಿದೊಡನೆ ಗೊತ್ತಾಗುತ್ತದೆ.

ಪ್ರತಿ ಸಲವೂ ಮುಗಿದ ಮೇಲೆ ಒಂದೇ ಒಂದು ಸಾಲು ಬರೆದಿಡಿ: ಇಂದು ಯಾವುದು ಕಷ್ಟವಾಯಿತು? ನಾಲ್ಕು ಸಾಲುಗಳನ್ನು ಒಟ್ಟಿಗೆ ಓದಿದಾಗ ಉತ್ತರ ಸಿಗುತ್ತದೆ.

ನಾದುವಾಗ ಮಣಿಕಟ್ಟು ನೋಯಿತು ಎಂದಿದ್ದರೆ ಯಂತ್ರ ನಿಮಗೆ ದೊಡ್ಡ ಉಪಕಾರ. ಸಂಧಿವಾತ ಇರುವವರಿಗೆ, ಕೈಯಲ್ಲಿ ಶಕ್ತಿ ಕಡಿಮೆಯಾದ ಹಿರಿಯರಿಗೆ ನಾನು ಎರಡು ಮಾತಿಲ್ಲದೆ ಕೊಳ್ಳಿ ಎನ್ನುತ್ತೇನೆ. ಮತ್ತೆ ಮತ್ತೆ ಬಂದು ನೋಡಬೇಕು, ಹೊರಗೆ ಹೋಗುವಂತಿಲ್ಲ ಎಂದಿದ್ದರೆ ಆಗಲೂ ಯಂತ್ರವೇ ಸರಿ. ಪಾತ್ರೆ ತೊಳೆಯುವುದು ಬೇಸರ ಎಂದಿದ್ದರೆ ಯೋಚಿಸಿ, ಏಕೆಂದರೆ ಯಂತ್ರದ ಪಾತ್ರೆಯನ್ನೂ ಹಿಟ್ಟು ನಾದುವ ಬ್ಲೇಡನ್ನೂ ಪ್ರತಿ ಸಲ ಸಾಮಾನ್ಯವಾಗಿ ಕೈಯಿಂದಲೇ ತೊಳೆಯಬೇಕು. ನಾಲ್ಕು ವಾರದಲ್ಲಿ ಒಂದನ್ನೂ ಮಾಡಲು ಮನಸ್ಸಾಗಲಿಲ್ಲವೇ? ಹಾಗಿದ್ದರೆ ದಯವಿಟ್ಟು ಕೊಳ್ಳಬೇಡಿ. ಯಂತ್ರಕ್ಕೂ ತೂಗಿ ಹಾಕುವವರು ಬೇಕು, ಬೆಂದ ಮೇಲೆ ಹೊರತೆಗೆದು ಆರಿಸುವವರು ಬೇಕು.

ಮನೆಯಲ್ಲಿ ಓವನ್ ಇಲ್ಲದವರ ಮಾತು ಬೇರೆ. ಬ್ರೆಡ್ ಮೇಕರ್ ತಾನೇ ಒಂದು ಪುಟ್ಟ ಓವನ್. ಅವರು ಗೆಳೆಯರಿಂದ ಯಂತ್ರವನ್ನೇ ಒಂದೆರಡು ವಾರ ಎರವಲು ತಂದು ಪರೀಕ್ಷಿಸುವುದು ಒಳ್ಳೆಯದು. ಕೊಂಡವರಲ್ಲಿ ಅದನ್ನು ಬಳಸದವರು ಇದ್ದೇ ಇರುತ್ತಾರೆ, ಕೇಳಿ ನೋಡಿ.

ಯಂತ್ರದೊಳಗೆ ನಡೆಯುವುದು, ನಡೆಯದಿರುವುದು

ಮುಚ್ಚಳದ ಕೆಳಗೆ ಒಂದು ಪಾತ್ರೆ, ಅದರ ತಳದಲ್ಲಿ ತಿರುಗುವ ಬ್ಲೇಡ್, ಪಾತ್ರೆಯ ಸುತ್ತ ಹೀಟರ್, ಒಂದು ಟೈಮರ್. ಇಷ್ಟೇ. ಸಾಮಾನ್ಯ ಬಿಳಿ ಬ್ರೆಡ್ಡಿನ ಕಾರ್ಯಕ್ರಮದಲ್ಲಿ ಅದು ಎರಡು ಸಲ ನಾದುತ್ತದೆ, ನಡುವೆ ವಿರಾಮ ಕೊಡುತ್ತದೆ, ಎರಡು ಮೂರು ಸಲ ಉಬ್ಬಲು ಬಿಟ್ಟು ಗಾಳಿ ಇಳಿಸುತ್ತದೆ, ಕೊನೆಗೆ ಒಂದು ಗಂಟೆಯ ಆಸುಪಾಸು ಬೇಯಿಸುತ್ತದೆ. ಒಟ್ಟು ಮೂರರಿಂದ ನಾಲ್ಕು ಗಂಟೆ. ಇಡೀ ಗೋಧಿಗೆ ಇನ್ನೂ ಹೆಚ್ಚು.

ಕೇಳಲು ಸರಳ, ಆದರೆ ಇಲ್ಲಿಯೂ ಕಷ್ಟವಾದದ್ದು ನಾದುವುದೇ. 1985ರ ಹೊತ್ತಿಗೆ ಜಪಾನಿನ ಮತ್ಸುಶಿತಾ ಕಂಪನಿಯವರು, ಇಂದಿನ ಪ್ಯಾನಾಸೋನಿಕ್, ಮನೆಗೆಂದು ಇಂಥ ಯಂತ್ರ ಮಾಡಲು ಹೊರಟಾಗ ಹಿಟ್ಟು ಹದಕ್ಕೆ ಬರುತ್ತಿರಲಿಲ್ಲ. ಬ್ರೆಡ್ಡಿನ ಹೊರಭಾಗ ಸೀದು, ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟು, ಬೇಕರ್ ನಾದಿದ ಹಿಟ್ಟು ಎರಡರ ಎಕ್ಸ್‌ರೇ ತೆಗೆದು ಹೋಲಿಸಿದರೂ ಕಾರಣ ತಿಳಿಯಲಿಲ್ಲ. ಆಗ ತಂಡದ ಇಕುಕೊ ತನಾಕಾ ಎಂಬವರು ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಬಳಿ ಶಿಷ್ಯೆಯಾಗಿ ಸೇರಿದರು. ಆತ ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಲೂ ಇದ್ದುದನ್ನು ಅವರು ಗಮನಿಸಿದರು. ಆ ತಿರುಚನ್ನು ಯಂತ್ರಕ್ಕೆ ತರಲು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಸೇರಿಸಿದರು. 1987ರಲ್ಲಿ ಆ ಯಂತ್ರ ಮಾರಾಟಕ್ಕೆ ಬಂತು. ಇಂದಿಗೂ ಎಷ್ಟೋ ಪಾತ್ರೆಗಳ ಒಳಗೆ ಕೈಯಾಡಿಸಿದರೆ ಗೋಡೆಯಲ್ಲಿ ಉಬ್ಬು ಸಿಗುತ್ತದೆ. ಹಿಟ್ಟು ಬ್ಲೇಡಿನ ಜೊತೆ ಸುಮ್ಮನೆ ಸುತ್ತದೆ, ಅಲ್ಲಿ ತಡೆದು ಹಿಗ್ಗುತ್ತದೆ.

ಆದ್ದರಿಂದ ನಾದುವ ಮಟ್ಟಿಗೆ ಯಂತ್ರವನ್ನು ನಂಬಬಹುದು. ಬೇಯಿಸುವುದರಲ್ಲಿ ಅದಕ್ಕೆ ಮಿತಿಗಳಿವೆ. ಗರಿಗರಿ ಹೊರಪದರದ, ಒಳಗೆ ದೊಡ್ಡ ದೊಡ್ಡ ರಂಧ್ರಗಳ ಬ್ರೆಡ್ ಆಗಲು 230 ಡಿಗ್ರಿಯ ಆಸುಪಾಸಿನ ಬಿಸಿ ಬೇಕು, ಮೊದಲ ಹದಿನೈದು ನಿಮಿಷ ಹಬೆ ಬೇಕು. ಯಂತ್ರದ ಪುಟ್ಟ ಕುಹರದಲ್ಲಿ ಎರಡೂ ಸಿಗುವುದಿಲ್ಲ. ಅದರಲ್ಲಿ ಬರುವುದು ಮೆತ್ತನೆಯ ಸ್ಯಾಂಡ್‌ವಿಚ್ ಬ್ರೆಡ್, ಪಾತ್ರೆಯ ಆಕಾರದ್ದು, ತಳದಲ್ಲಿ ಬ್ಲೇಡ್ ಬಿಟ್ಟ ತೂತಿನೊಂದಿಗೆ. ನಿಮ್ಮ ಚೀಟಿಯಲ್ಲಿ ದುಂಡನೆಯ ಗರಿಗರಿ ಬ್ರೆಡ್ಡೇ ಹೆಚ್ಚಾಗಿದ್ದರೆ ಒಂದು ದಪ್ಪ ತಳದ ಮುಚ್ಚಳವಿರುವ ಪಾತ್ರೆ ಕೊಂಡು ಓವನ್ನಿನಲ್ಲಿ ಬೇಯಿಸಿ. ಹಣವೂ ಕಡಿಮೆ, ಬ್ರೆಡ್ಡೂ ನೀವು ಬಯಸಿದ್ದೇ. ಅಂಗಡಿಯ ಯೀಸ್ಟ್ ಇಲ್ಲದೆ ಹುಳಿಹಿಟ್ಟಿನ ಬ್ರೆಡ್ ಮಾಡುವವರಿಗೂ ಇದೇ ಮಾತು: ಅದು ತನ್ನ ಹೊತ್ತಿಗೆ ಉಬ್ಬುತ್ತದೆ, ಯಂತ್ರದ ಗಡಿಯಾರಕ್ಕೆ ಕಾಯುವುದಿಲ್ಲ.

ಓವನ್ ಇದ್ದೂ ಯಂತ್ರ ಕೊಳ್ಳುವವರು ಅದರ ನಿಜವಾದ ಬಲವನ್ನು ಕಾಣುವುದು ಹಿಟ್ಟು ಮಾತ್ರ ಸಿದ್ಧಮಾಡುವ ಕಾರ್ಯಕ್ರಮದಲ್ಲಿ. ಸುಮಾರು ಒಂದೂವರೆ ಗಂಟೆಯಲ್ಲಿ ನಾದಿ, ಒಮ್ಮೆ ಉಬ್ಬಿಸಿ ಕೊಡುತ್ತದೆ. ತೆಗೆದು ಬನ್ ಮಾಡಿ, ಪಿಜ್ಜಾಕ್ಕೆ ಲಟ್ಟಿಸಿ, ಟಿನ್ನಿನಲ್ಲಿಟ್ಟು ಓವನ್ನಿನಲ್ಲಿ ಬೇಯಿಸಿ. ತಳದ ತೂತಿಲ್ಲ, ಹೊರಪದರ ಚೆಂದ, ಕೈಗೆ ನೋವಿಲ್ಲ. ನಾನೂ ಬಹುಪಾಲು ಹೀಗೆಯೇ ಬಳಸುತ್ತೇನೆ.

ಹಣದ ಲೆಕ್ಕ

ಇದನ್ನು ನಿಮ್ಮೂರಿನ ಬೆಲೆ ಇಟ್ಟುಕೊಂಡು ನೀವೇ ಮಾಡಬೇಕು. ದಾರಿ ಇಷ್ಟು: ನೀವು ಈಗ ಕೊಳ್ಳುವ ಬ್ರೆಡ್ಡಿನ ಬೆಲೆಯಿಂದ, ಅಷ್ಟೇ ತೂಕದ ಮನೆಯ ಬ್ರೆಡ್ಡಿಗೆ ತಗಲುವ ಸಾಮಗ್ರಿಯ ಮತ್ತು ವಿದ್ಯುತ್ತಿನ ಖರ್ಚು ಕಳೆಯಿರಿ. ಉಳಿದದ್ದು ಒಂದು ಬ್ರೆಡ್ಡಿನ ಉಳಿತಾಯ. ಯಂತ್ರದ ಬೆಲೆಯನ್ನು ಅದರಿಂದ ಭಾಗಿಸಿ.

ಉದಾಹರಣೆಗೆ, ಯಂತ್ರದ ಬೆಲೆ ಅಂಗಡಿಯ 120 ಬ್ರೆಡ್ಡಿಗೆ ಸಮ ಎಂದುಕೊಳ್ಳಿ. ಮನೆಯ ಬ್ರೆಡ್ಡಿನ ಖರ್ಚು ಅಂಗಡಿಯದರ ಶೇಕಡಾ 40. ಒಂದಕ್ಕೆ ಶೇಕಡಾ 60 ಉಳಿತಾಯವಾದರೆ 200 ಬ್ರೆಡ್ ಮಾಡಿದ ಮೇಲೆ ಯಂತ್ರದ ಹಣ ಹಿಂತಿರುಗುತ್ತದೆ. ವಾರಕ್ಕೆ ಎರಡು ಮಾಡಿದರೆ ನೂರು ವಾರ, ಅಂದರೆ ಎರಡು ವರ್ಷದೊಳಗೆ. ಎರಡು ವಾರಕ್ಕೊಂದು ಮಾಡಿದರೆ ನಾನೂರು ವಾರ, ಏಳೂವರೆ ವರ್ಷಕ್ಕೂ ಹೆಚ್ಚು. ಚೀಟಿಯ ಗೀಟುಗಳನ್ನು ಈಗ ಎಣಿಸಿ.

ವಿದ್ಯುತ್ತಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಹೀಟರ್ ಪೂರ್ತಿ ಉರಿಯುವುದು ಕೊನೆಯ ಒಂದು ಗಂಟೆ ಮಾತ್ರ, ಆದ್ದರಿಂದ ಒಂದು ಬ್ರೆಡ್ಡಿಗೆ ಸಾಮಾನ್ಯವಾಗಿ ಅರ್ಧ ಯೂನಿಟ್ ಸಹ ಆಗುವುದಿಲ್ಲ. ದೊಡ್ಡ ಓವನ್ನನ್ನು ಒಂದೇ ಬ್ರೆಡ್ಡಿಗಾಗಿ ಕಾಯಿಸುವುದಕ್ಕಿಂತ ಇದು ಅಗ್ಗ.

ಅಂಗಡಿಯ ಅತಿ ಅಗ್ಗದ ಬಿಳಿ ಬ್ರೆಡ್ ತಿನ್ನುವ ಮನೆಗೆ ಈ ಲೆಕ್ಕ ಹೊಂದುವುದು ಕಷ್ಟ. ಬೀಜ, ಓಟ್ಸ್, ಇಡೀ ಗೋಧಿಯ ದುಬಾರಿ ಬ್ರೆಡ್ ಕೊಳ್ಳುವವರಿಗೆ ಬೇಗ ಹೊಂದುತ್ತದೆ. ಗ್ಲೂಟೆನ್ ಇಲ್ಲದ ಬ್ರೆಡ್ ಬೇಕಾದ ಮನೆಗಂತೂ ಲೆಕ್ಕಕ್ಕಿಂತ ಮುಖ್ಯವಾದದ್ದು ನೆಮ್ಮದಿ: ಏನು ಹಾಕಿದ್ದೇವೆ ಎಂಬುದು ನಮಗೇ ಗೊತ್ತಿರುತ್ತದೆ. ಆದರೆ ಸೀಲಿಯಾಕ್, ಅಂದರೆ ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ, ಇರುವವರಿಗೆ ಗೋಧಿ ನಾದಿದ ಹಳೆಯ ಯಂತ್ರ ಬೇಡವೇ ಬೇಡ. ಬ್ಲೇಡಿನ ಸಂದಿಯಲ್ಲಿ ಉಳಿದ ಹಿಟ್ಟೂ ಅವರಿಗೆ ಹಾನಿ.

ಜಾಗ ಮತ್ತು ಸದ್ದು

ಕಟ್ಟೆಯ ಮೇಲೆ ಶಾಶ್ವತವಾದ ಜಾಗ ಇದೆಯೇ? ಇಲ್ಲದಿದ್ದರೆ ಆಲೋಚನೆ ಬಿಡಿ. ಐದಾರು ಕಿಲೋ ತೂಗುವ ಯಂತ್ರವನ್ನು ವಾರಕ್ಕೆ ಎರಡು ಸಲ ಕಪಾಟಿನಿಂದ ಎತ್ತಿ ಇಳಿಸುವ ಉತ್ಸಾಹ ಹೆಚ್ಚು ದಿನ ಬಾಳುವುದಿಲ್ಲ. ಅಳೆಯುವಾಗ ಮುಚ್ಚಳ ಪೂರ್ತಿ ತೆರೆಯಲು ಬೇಕಾದ ಎತ್ತರವನ್ನೂ ಸೇರಿಸಿ. ಮೇಲೆ ಮರದ ಕಪಾಟು ತೀರಾ ಹತ್ತಿರವಿದ್ದರೆ ಹಬೆಗೆ ಅದು ಹಾಳಾಗುತ್ತದೆ. ಗಟ್ಟಿ ಹಿಟ್ಟು ನಾದುವಾಗ ಯಂತ್ರ ನಡುಗಿ ಸ್ವಲ್ಪ ಸ್ವಲ್ಪವೇ ಸರಿಯುವುದುಂಟು, ಅಂಚಿನಿಂದ ದೂರ ಇಡಿ.

ಬೆಳಗ್ಗೆ ಬಿಸಿ ಬ್ರೆಡ್ ಬೇಕೆಂದು ರಾತ್ರಿ ಟೈಮರ್ ಇಟ್ಟರೆ ನಸುಕಿನ ಮೂರು ನಾಲ್ಕು ಗಂಟೆಗೆ ಅದು ನಾದಲು ಶುರುಮಾಡುತ್ತದೆ. ಮಲಗುವ ಕೋಣೆ ಅಡುಗೆಮನೆಗೆ ತಾಗಿದ್ದರೆ ಇದನ್ನು ಮನೆಯವರೊಂದಿಗೆ ಮಾತಾಡಿಕೊಳ್ಳಿ. ಟೈಮರ್ ಇಡುವಾಗ ಹಾಲು, ಮೊಟ್ಟೆ ಹಾಕಬೇಡಿ, ಗಂಟೆಗಟ್ಟಲೆ ಹೊರಗಿದ್ದು ಕೆಡುತ್ತವೆ. ಯೀಸ್ಟ್ ನೀರಿಗಾಗಲಿ ಉಪ್ಪಿಗಾಗಲಿ ತಾಗದಂತೆ ಒಣ ಹಿಟ್ಟಿನ ಮೇಲೆ ಗುಳಿ ಮಾಡಿ ಹಾಕಿ. ಬೇರೆ ಕ್ರಮ ಹೇಳುವ ಯಂತ್ರಗಳೂ ಇವೆ, ಆಗ ಅದರ ಕೈಪಿಡಿಯನ್ನೇ ಅನುಸರಿಸಿ.

ಕೊಳ್ಳುವುದೆಂದು ಗಟ್ಟಿಯಾದರೆ

ಪೆಟ್ಟಿಗೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಕಾರ್ಯಕ್ರಮಗಳ ಪಟ್ಟಿ ಇರುತ್ತದೆ. ಜಾಮ್, ಕೇಕ್, ಮೊಸರು ಎಲ್ಲವೂ. ಅದಕ್ಕೆ ಬೆರಗಾಗಬೇಡಿ. ದಿನವೂ ಬಳಕೆಗೆ ಬರುವುದು ನಾಲ್ಕು: ಸಾಮಾನ್ಯ ಬ್ರೆಡ್, ಇಡೀ ಗೋಧಿ, ಹಿಟ್ಟು ಮಾತ್ರ, ಬೇಯಿಸುವುದು ಮಾತ್ರ. ಕೊನೆಯದು ಇರಲೇಬೇಕು, ಬ್ರೆಡ್ ಸ್ವಲ್ಪ ಹಸಿ ಉಳಿದರೆ ಹತ್ತು ನಿಮಿಷ ಹೆಚ್ಚು ಬೇಯಿಸಲು ಅದು ಬೇಕು. ನಾದುವ, ಉಬ್ಬುವ ಹೊತ್ತನ್ನು ನಾವೇ ಬದಲಿಸಬಹುದಾದರೆ ಇನ್ನೂ ಒಳ್ಳೆಯದು.

ಗಾತ್ರ ಸಾಮಾನ್ಯವಾಗಿ 450, 680, 900 ಗ್ರಾಂ. ಮೂರು ನಾಲ್ಕು ಜನರ ಮನೆಗೆ 680 ಗ್ರಾಂ ಹಿತವಾದ ಅಳತೆ. ದೊಡ್ಡ ಯಂತ್ರದಲ್ಲಿ ಚಿಕ್ಕದನ್ನು ಮಾಡಬಹುದು, ಆದರೆ ಆಕಾರ ಒಂದು ಕಡೆ ವಾಲುತ್ತದೆ. ಪಾತ್ರೆ ಎದ್ದು ನಿಂತಂತೆ ಎತ್ತರವಾಗಿದೆಯೋ, ಉದ್ದಕ್ಕೆ ಮಲಗಿದೆಯೋ ನೋಡಿ. ಉದ್ದನೆಯದರಲ್ಲಿ ಬಂದ ಹೋಳು ಟೋಸ್ಟರಿಗೆ ಸರಿಹೊಂದುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಬೇಕಾದ ಪ್ರಶ್ನೆ ಇದು: ಪಾತ್ರೆ ಮತ್ತು ಬ್ಲೇಡ್ ಬಿಡಿಭಾಗವಾಗಿ ಸಿಗುತ್ತವೆಯೇ? ಮೊದಲು ಸವೆಯುವುದು ಅವೇ. ಒಳಲೇಪ ಎದ್ದು ಬ್ರೆಡ್ ಅಂಟತೊಡಗುತ್ತದೆ, ಇಲ್ಲವೇ ತಳದ ಸೀಲ್ ಸವೆದು ನೀರು ಒಸರುತ್ತದೆ. ಬಿಡಿಭಾಗ ಸಿಗದ ಯಂತ್ರ ಎಷ್ಟೇ ಅಗ್ಗವಾಗಿದ್ದರೂ ಕೊನೆಗೆ ಕಸವಾಗುತ್ತದೆ. ವಿದ್ಯುತ್ ಪದೇ ಪದೇ ಹೋಗುವ ಕಡೆ ಇರುವವರು ಇನ್ನೊಂದನ್ನೂ ವಿಚಾರಿಸಿ: ವಿದ್ಯುತ್ ಮರಳಿದಾಗ ನಿಂತಲ್ಲಿಂದ ಮುಂದುವರಿಯುವ ನೆನಪು ಅದಕ್ಕಿದೆಯೇ, ಎಷ್ಟು ನಿಮಿಷದವರೆಗೆ?

ಬಳಸಿದ ಯಂತ್ರ ಕೊಳ್ಳಲು ಹಿಂಜರಿಯಬೇಡಿ, ಎಷ್ಟೋ ಸಲ ಅವು ಹೆಚ್ಚುಕಡಿಮೆ ಹೊಸವೇ ಆಗಿರುತ್ತವೆ. ಪಾತ್ರೆಯಲ್ಲಿ ಗೀರುಗಳಿವೆಯೇ ನೋಡಿ. ಬ್ಲೇಡ್ ಇದೆಯೇ ಖಚಿತಪಡಿಸಿಕೊಳ್ಳಿ, ಎಷ್ಟೋ ಸಲ ಅದು ಬ್ರೆಡ್ಡಿನೊಳಗೇ ಸಿಕ್ಕಿ ಕಸದೊಂದಿಗೆ ಹೋಗಿರುತ್ತದೆ. ಪಾತ್ರೆಗೆ ಎರಡು ಲೋಟ ನೀರು ಹಾಕಿ, ಕಾಗದದ ಮೇಲೆ ಹತ್ತು ನಿಮಿಷ ಇಡಿ. ಕಾಗದ ಒದ್ದೆಯಾದರೆ ಸೀಲ್ ಹೋಗಿದೆ. ತಳದ ಕೊಂಡಿಯನ್ನು ಕೈಯಿಂದ ತಿರುಗಿಸಿದಾಗ ಬಿಗಿಯಾಗಿ, ಆದರೆ ತಡೆಯಿಲ್ಲದೆ ತಿರುಗಬೇಕು.

ಮನೆಗೆ ಬಂದ ಮೊದಲ ವಾರ

ಹಿಂತಿರುಗಿಸುವ ಅವಧಿ ಮುಗಿಯುವ ಮುಂಚೆ ಕನಿಷ್ಠ ಐದು ಬ್ರೆಡ್ ಮಾಡಿ. ಮೊದಲ ಮೂರನ್ನು ಕೈಪಿಡಿಯ ಸಾದಾ ಬಿಳಿ ಬ್ರೆಡ್ಡಿನ ಅಳತೆಯಲ್ಲೇ ಮಾಡಿ, ಏನನ್ನೂ ಬದಲಿಸಬೇಡಿ. ಲೋಟದ ಅಳತೆ ಬೇಡ, ಗ್ರಾಂ ಲೆಕ್ಕದಲ್ಲಿ ತೂಗಿ. ಒಂದು ಲೋಟ ಹಿಟ್ಟನ್ನು ಅದುಮಿ ತುಂಬುವುದಕ್ಕೂ ಸಡಿಲವಾಗಿ ತುಂಬುವುದಕ್ಕೂ ಬರುವ ವ್ಯತ್ಯಾಸವೇ ಬ್ರೆಡ್ ಕುಸಿಯಲು ಸಾಕು.

ನಾದಲು ಶುರುವಾದ ಏಳೆಂಟು ನಿಮಿಷಕ್ಕೆ ಮುಚ್ಚಳ ತೆರೆದು ನೋಡಿ. ಆಗ ತೆರೆದರೆ ಏನೂ ಕೆಡುವುದಿಲ್ಲ. ಹಿಟ್ಟು ಒಂದೇ ಉಂಡೆಯಾಗಿ, ಗೋಡೆಗಳಿಂದ ಬಿಡಿಸಿಕೊಂಡು, ತಳದಲ್ಲಿ ಮಾತ್ರ ಸ್ವಲ್ಪ ಅಂಟಿಕೊಂಡು ತಿರುಗುತ್ತಿರಬೇಕು. ಮುಟ್ಟಿದರೆ ಬೆರಳಿಗೆ ತುಸು ಅಂಟಿ ಬಿಡಬೇಕು. ಒಣಗಿ ತುಂಡು ತುಂಡಾಗಿದ್ದರೆ ಒಂದೊಂದೇ ಚಮಚ ನೀರು, ರೊಜ್ಜಾಗಿ ಹರಡಿದ್ದರೆ ಒಂದೊಂದೇ ಚಮಚ ಹಿಟ್ಟು, ಪ್ರತಿ ಚಮಚದ ನಡುವೆ ಒಂದು ನಿಮಿಷ ತಾಳಿ. ಇಡೀ ಗೋಧಿಯಾದರೆ ಹೊಟ್ಟು ನೀರು ಕುಡಿಯುವುದರಿಂದ 500 ಗ್ರಾಮಿಗೆ 350ರಿಂದ 375 ಮಿಲಿಲೀಟರಿನವರೆಗೆ ಬೇಕಾಗಬಹುದು. ನಡು ಕುಸಿದಿದ್ದರೆ ಮುಂದಿನ ಸಲ ಯೀಸ್ಟನ್ನು ಕಾಲು ಭಾಗ ಕಡಿಮೆ ಮಾಡಿ, ಅಥವಾ ನೀರನ್ನು ಒಂದು ಚಮಚ ಇಳಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದು ಎಂದು ಗೊತ್ತಾಗುವುದಿಲ್ಲ.

ಬೆಂದ ಕೂಡಲೇ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಪಾತ್ರೆಯನ್ನು ಬೋರಲು ಮಾಡಿ ಬ್ರೆಡ್ ತೆಗೆಯಿರಿ. ಒಳಗೇ ಬಿಟ್ಟರೆ ಹಬೆಗೆ ಹೊರಪದರ ಒದ್ದೆಯಾಗುತ್ತದೆ. ಬ್ಲೇಡ್ ಬ್ರೆಡ್ಡಿನಲ್ಲಿ ಸಿಕ್ಕಿದ್ದರೆ ಮರದ ಅಥವಾ ಪ್ಲಾಸ್ಟಿಕ್ಕಿನ ಕೊಕ್ಕೆಯಿಂದ ಎಳೆಯಿರಿ, ಲೋಹದ ಚಾಕು ಲೇಪವನ್ನು ಗೀರುತ್ತದೆ. ಜಾಲರಿಯ ಮೇಲೆ ಒಂದು ಗಂಟೆ ಆರಲು ಬಿಟ್ಟು ಆಮೇಲೆ ಕೊಯ್ಯಿರಿ.

ಐದು ಬ್ರೆಡ್ಡಿನಲ್ಲಿ ಅಳತೆ ಸರಿಯಿದ್ದೂ ಎರಡಕ್ಕಿಂತ ಹೆಚ್ಚು ಒಳಗೆ ಹಸಿಯಾಗಿದ್ದರೆ, ನಾದುವಾಗ ಸುಟ್ಟ ರಬ್ಬರಿನ ವಾಸನೆ ಬಂದರೆ, ಅಥವಾ ಪಾತ್ರೆಯ ತಳ ಒಸರಿದರೆ, ದೋಷ ಯಂತ್ರದ್ದು. ಅದನ್ನು ತೊಳೆದು ಒರೆಸಿ, ಪೆಟ್ಟಿಗೆಗೆ ಹಾಕಿ, ರಸೀದಿಯೊಂದಿಗೆ ಅದೇ ವಾರ ಅಂಗಡಿಗೆ ಒಯ್ಯಿರಿ.